ಚರ್ಚ್ ಪುಸ್ತಕ ಮುಗಿದಲ್ಲಿಂದ ಹಿಂದಕ್ಕೆ

ಇಂಗ್ಲೆಂಡಿನಲ್ಲಿ ನೆಲೆಸಿರುವ, ಅಲ್ಲಿನ ಕುಟುಂಬಗಳೊಡನೆ ನೆಂಟಸ್ತಿಕೆ ಬೆಳೆಸಿರುವ ಓದುಗರು ವಂಶಾವಳಿಯ ಬಗ್ಗೆ ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಊರು, ಕೌಂಟಿ ಬೇರೆ ಬೇರೆಯಾದರೂ ಎಲ್ಲರೂ ತಡವರಿಸಿ ನಿಂತಿರುವುದು ಒಂದೇ ಕಡೆ. ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಚರ್ಚಿನ ಪುಸ್ತಕ ಶುರುವಾಗುವ ವರ್ಷದ ಹೊಸ್ತಿಲಲ್ಲಿ.

ಪ್ರಶ್ನೆ: ನನ್ನ ಪತಿಯ ಮನೆತನ ಸಫೋಕ್‌ನದು. ಹಳ್ಳಿಯ ಚರ್ಚಿನ ಪುಸ್ತಕ 1653ರಿಂದ ಮಾತ್ರ ಇದೆ. 1655ರಲ್ಲಿ ಮದುವೆಯಾದ ಒಬ್ಬ ರೈತನ ತನಕ ಬಂದಿದ್ದೇವೆ. ಅವನ ಅಪ್ಪನನ್ನು ಎಲ್ಲಿ ಹುಡುಕಬೇಕು?

ಉತ್ತರ: ಮೊದಲು ಆ ವರ್ಷವನ್ನೇ ಅನುಮಾನಿಸಿ. ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ರಾಜ 8ನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಆಜ್ಞೆ ಹೊರಡಿಸಿದ್ದು 1538ರ ಸೆಪ್ಟೆಂಬರಿನಲ್ಲಿ. ಬಹಳ ಕಡೆ ಮೊದಲು ಬರೆದದ್ದು ಕಾಗದದ ಮೇಲೆ. 1598ರಲ್ಲಿ ಅದನ್ನೆಲ್ಲ ಚರ್ಮಪತ್ರಕ್ಕೆ ನಕಲಿಸಬೇಕೆಂಬ ನಿಯಮ ಬಂತು. ಅದರಲ್ಲಿ 'ವಿಶೇಷವಾಗಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದಂದಿನಿಂದ' ಎಂಬರ್ಥದ ಒಂದು ಮಾತು ಸೇರಿಕೊಂಡಿತ್ತು. ಆ ಒಂದು ಮಾತನ್ನು ಹಿಡಿದುಕೊಂಡ ಪಾದ್ರಿಗಳು ಮೊದಲ 20 ವರ್ಷದ ಕೆಲಸ ಉಳಿಸಿಕೊಂಡರು. ಎಷ್ಟೋ ಹಳ್ಳಿಗಳ ಪುಸ್ತಕ 1558ರಿಂದ ಶುರುವಾಗುವುದು ಇದರಿಂದಲೇ. ನಿಮ್ಮ 1653ಕ್ಕೂ ಒಂದು ಕಾರಣವಿದೆ. ಆ ವರ್ಷ ಮದುವೆಯನ್ನು ಚರ್ಚಿನಿಂದ ತೆಗೆದು ನ್ಯಾಯಾಧಿಕಾರಿಗಳ ಕೈಗೆ ಕೊಟ್ಟರು, ದಾಖಲೆ ಬರೆಯಲು ಊರೂರಿಗೆ ಹೊಸಬರನ್ನು ನೇಮಿಸಿದರು. ಹೊಸ ಪುಸ್ತಕ ಬಂತು, ಹಳೆಯದು ಎಲ್ಲೋ ಕಳೆಯಿತು. ಅಂದರೆ ನಿಮ್ಮ ಊರಿನಲ್ಲಿ ಹಳೆಯ ಪುಸ್ತಕ ಇರಲೇ ಇಲ್ಲ ಎಂದಲ್ಲ.

ಕಳೆದದ್ದರ ನಕಲು ಉಳಿದಿರಬಹುದು. 1598ರ ನಿಯಮದ ಪ್ರಕಾರ ಪ್ರತಿ ಪ್ಯಾರಿಷ್ ವರ್ಷಕ್ಕೊಮ್ಮೆ ನಕಲನ್ನು ಬಿಷಪ್ಪರಿಗೆ ಕಳಿಸಬೇಕಿತ್ತು. ಕೆಲವು ಕಡೆ ಅದು ಬಿಷಪ್ಪರ ಕೆಳಗಿನ ಅಧಿಕಾರಿಯಾದ ಆರ್ಚ್‌ಡೀಕನ್ ಕಚೇರಿಗೆ ಹೋಗುತ್ತಿತ್ತು. ಕೌಂಟಿ ದಾಖಲೆ ಕಚೇರಿಯಲ್ಲಿ 'ಬಿಷಪ್ಸ್ ಟ್ರಾನ್ಸ್‌ಕ್ರಿಪ್ಟ್' ಎಂದು ಕೇಳಿ. 1640ರಿಂದ 1660ರವರೆಗೆ ಅಂತರ್ಯುದ್ಧದ ಗದ್ದಲದಲ್ಲಿ ಇವು ಸಾಮಾನ್ಯವಾಗಿ ನಿಂತುಹೋಗಿವೆ, ಆದರೆ 1600ರಿಂದ 1639ರವರೆಗಿನ ಹಾಳೆಗಳು ಸಿಕ್ಕರೂ ನಿಮ್ಮ ರೈತ ಹುಟ್ಟಿದ ಕಾಲ ಅದರೊಳಗೇ ಬರುತ್ತದೆ.

ಆಮೇಲೆ ಉಯಿಲು. ನೀವು ಹುಡುಕಬೇಕಾದ್ದು ಒಬ್ಬನ ಉಯಿಲನ್ನಲ್ಲ. ಸುತ್ತ ಹತ್ತು ಮೈಲಿಯೊಳಗೆ ಅದೇ ಕುಲನಾಮ ಇದ್ದ ಎಲ್ಲರ ಉಯಿಲನ್ನು, ಹೆಂಗಸರದ್ದನ್ನೂ ಸೇರಿಸಿ. ವಿಧವೆಯ ಉಯಿಲು ಗಂಡನದ್ದಕ್ಕಿಂತ ಎಷ್ಟೋ ಪಾಲು ಮೇಲು. ಗಂಡ ಹೊಲದ ಮಾತಾಡಿ ಮುಗಿಸುತ್ತಾನೆ. ಹೆಂಡತಿಯಾದವಳು ತಟ್ಟೆ, ಹೊದಿಕೆ, ಕುರಿಗಳನ್ನು ಮೊಮ್ಮಗಳಿಗೆ, ತಂಗಿಗೆ, ನಾದಿನಿಗೆ ಎಂದು ಹೆಸರು ಹಿಡಿದು ಹಂಚುತ್ತಾಳೆ.

ಉಯಿಲು ಯಾವ ನ್ಯಾಯಾಲಯದಲ್ಲಿ ರುಜುವಾತಾಯಿತು ಎಂಬುದು ಆಸ್ತಿ ಎಲ್ಲಿತ್ತು ಎಂಬುದರ ಮೇಲೆ ಹೋಗುತ್ತದೆ. ಸಫೋಕ್‌ನ ಸಣ್ಣ ರೈತನದ್ದು ಆರ್ಚ್‌ಡೀಕನ್ ನ್ಯಾಯಾಲಯದಲ್ಲಿ: ಪಶ್ಚಿಮ ಭಾಗಕ್ಕೆ ಸಡ್‌ಬರಿ ಆರ್ಚ್‌ಡೀಕನ್ರಿ, ಅದರ ಕಾಗದಗಳನ್ನು ಬಹುಕಾಲ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಇಟ್ಟಿದ್ದರು; ಪೂರ್ವ ಭಾಗಕ್ಕೆ ಸಫೋಕ್ ಆರ್ಚ್‌ಡೀಕನ್ರಿ, ಅದರವು ಇಪ್ಸ್‌ವಿಚ್‌ನಲ್ಲಿ. ಅದರ ಮೇಲೆ ನಾರ್ವಿಚ್ ಬಿಷಪ್ಪರ ನ್ಯಾಯಾಲಯ. ಎರಡು ಬಿಷಪ್ ಪ್ರಾಂತ್ಯಗಳಲ್ಲಿ 5 ಪೌಂಡಿಗಿಂತ ಹೆಚ್ಚಿನ ಸ್ವತ್ತಿದ್ದರೆ ಕ್ಯಾಂಟರ್ಬರಿಯ ಪ್ರಿರಾಗೆಟಿವ್ ನ್ಯಾಯಾಲಯ. ಅದರ ಉಯಿಲುಗಳು 1384ರಿಂದ 1858ರವರೆಗೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಪ್ರಾಬ್ 11' ಎಂಬ ಸರಣಿಯಲ್ಲಿವೆ, ಆನ್‌ಲೈನಿನಲ್ಲೂ ಸಿಗುತ್ತವೆ. 1653ರಿಂದ 1660ರವರೆಗೆ ಕೆಳಗಿನ ನ್ಯಾಯಾಲಯಗಳೆಲ್ಲ ಮುಚ್ಚಿದ್ದವು. ಆ ಏಳು ವರ್ಷ ಬಡವನದ್ದೂ ಲಂಡನ್ನಿಗೇ ಹೋಯಿತು.

ಓದುವಾಗ ಎಡವುವ ಕಡೆಗಳಿವೆ. ಹಿರಿಮಗನ ಹೆಸರಿಲ್ಲ ಎಂದರೆ ಅವನು ಸತ್ತಿದ್ದ ಎಂದಲ್ಲ, ಜಮೀನು ಆಗಲೇ ಅವನ ಕೈ ಸೇರಿರಬಹುದು. 'ಸನ್ ಇನ್ ಲಾ' ಎಂದಿದ್ದರೆ ಅಳಿಯನೇ ಆಗಬೇಕಿಲ್ಲ, ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. 'ಕಸಿನ್' ಎಂಬುದು ಅಣ್ಣನ ಮಗನಿಂದ ಹಿಡಿದು ಯಾವ ನೆಂಟನಿಗೂ ಹೊಂದುತ್ತದೆ. ಒಂದೇ ಮನೆಯಲ್ಲಿ ಬದುಕಿರುವ ಇಬ್ಬರು ಅಣ್ಣತಮ್ಮಂದಿರಿಗೂ ಜಾನ್ ಎಂದೇ ಹೆಸರಿರುವುದುಂಟು. 'ಹಿರಿಯ', 'ಕಿರಿಯ' ಎಂಬುದು ತಂದೆ ಮಗ ಎಂದೇ ಅಲ್ಲ; ಒಂದೇ ಹೆಸರಿನ ಇಬ್ಬರು ಒಂದೇ ಊರಿನಲ್ಲಿದ್ದರೆ ಸಾಕು. ಇನ್ನು, ಉಯಿಲಿನಲ್ಲಿ ತನ್ನ ಊರಿನದ್ದಲ್ಲದ ಬೇರೊಂದು ಚರ್ಚಿಗೆ ದುಡ್ಡು ಬಿಟ್ಟಿದ್ದರೆ ಆ ಊರಿನ ಹೆಸರಿನ ಸುತ್ತ ಕೆಂಪು ಗೆರೆ ಎಳೆದಿಡಿ. ಬಹುಪಾಲು ಅದು ಅವನು ಹುಟ್ಟಿದ ಊರು.

ಪ್ರಶ್ನೆ: ಉಯಿಲು 1590ರವರೆಗೆ ಕೊಂಡೊಯ್ದಿದೆ. ಅದರಲ್ಲಿ 'ಕಾಪಿಹೋಲ್ಡ್' ಜಮೀನಿನ ಮಾತು ಬರುತ್ತದೆ. ಇದರಿಂದ ಮುಂದೆ ಏನಾದರೂ ಸಿಗುವುದೇ?

ಉತ್ತರ: ಸಿಗುವುದೆಲ್ಲ ಇದರಲ್ಲೇ ಸಿಗುವುದು. ಚರ್ಚ್ ಪುಸ್ತಕಕ್ಕೂ ಹಿಂದೆ ಸಾಮಾನ್ಯ ಮನುಷ್ಯ ಹುಟ್ಟಿದ್ದನ್ನು ಯಾರೂ ಬರೆದಿಡಲಿಲ್ಲ, ಅವನ ಹೊಲ ಕೈ ಬದಲಾದದ್ದನ್ನು ಬರೆದಿಟ್ಟರು. ಆದ್ದರಿಂದ ಮನುಷ್ಯನನ್ನು ಬಿಟ್ಟು ಹೊಲವನ್ನು ಹಿಂಬಾಲಿಸಿ.

ಮ್ಯಾನರ್ ಎಂದರೆ ಒಬ್ಬ ಒಡೆಯನ ಅಧೀನದ ಜಮೀನು, ಅದಕ್ಕೊಂದು ಸ್ವಂತ ನ್ಯಾಯಸಭೆ. ಕಾಪಿಹೋಲ್ಡ್ ಹೊಲ ಯಾರ ಹೆಸರಿನಲ್ಲಿದೆ ಎಂಬುದಕ್ಕೆ ಆ ಸಭೆಯ ಸುರುಳಿಯಲ್ಲಿ (ಸುತ್ತಿಟ್ಟ ನಡಾವಳಿ ದಾಖಲೆ) ಬರೆದದ್ದೇ ಸಾಕ್ಷಿ. ಗೇಣಿದಾರನ ಕೈಗೆ ಸಿಗುವುದು ಅದರ ನಕಲು. ಹೆಸರು ಬಂದದ್ದು ಹಾಗೆ. ನಮ್ಮ ಖಾತೆ ಬದಲಾವಣೆಯನ್ನು ನೆನೆದರೆ ಅರ್ಧ ಅರ್ಥವಾದಂತೆ. ಈ ಪದ್ಧತಿ 1926ರ ಜನವರಿ 1ರಂದು ಕೊನೆಗೊಂಡಿತು, ಹಾಗಾಗಿ ಕೆಲವು ಮ್ಯಾನರ್‌ಗಳ ಸುರುಳಿ, ಪುಸ್ತಕಗಳು 13ನೇ ಶತಮಾನದಿಂದ 20ನೆಯದರವರೆಗೆ ಹರಿದುಬಂದಿವೆ. ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಮ್ಯಾನರ್‌ನ ಸುರುಳಿಗಳು 1274ರಿಂದಲೇ ಇವೆ.

ನಿಮ್ಮ ಮ್ಯಾನರ್ ಯಾವುದೆಂದು ಗುರುತಿಸುವುದು ಮೊದಲ ಕೆಲಸ. ಪ್ಯಾರಿಷ್ ಬೇರೆ, ಮ್ಯಾನರ್ ಬೇರೆ. ಒಂದು ಪ್ಯಾರಿಷ್‌ನಲ್ಲಿ ಮೂರು ನಾಲ್ಕು ಮ್ಯಾನರ್ ಇರಬಹುದು, ಒಂದು ಮ್ಯಾನರ್ ಎರಡು ಪ್ಯಾರಿಷ್‌ಗಳಿಗೆ ಚಾಚಿರಬಹುದು. ನ್ಯಾಷನಲ್ ಆರ್ಕೈವ್ಸ್‌ನ ಜಾಲತಾಣದಲ್ಲಿ 'ಮ್ಯಾನೋರಿಯಲ್ ಡಾಕ್ಯುಮೆಂಟ್ಸ್ ರಿಜಿಸ್ಟರ್' ಇದೆ. ಪ್ಯಾರಿಷ್ ಹೆಸರು ಹಾಕಿದರೆ ಅಲ್ಲಿನ ಮ್ಯಾನರ್‌ಗಳು, ಯಾವ ವರ್ಷದ ಸುರುಳಿ ಉಳಿದಿದೆ, ಈಗ ಎಲ್ಲಿದೆ ಎಂಬುದೆಲ್ಲ ಬರುತ್ತದೆ. ಸುರುಳಿ ನಿಮ್ಮ ಕೌಂಟಿಯಲ್ಲೇ ಇರಬೇಕಿಲ್ಲ. ಅದು ಒಡೆಯನನ್ನು ಹಿಂಬಾಲಿಸುತ್ತದೆ. ಒಡೆಯ ಕೇಂಬ್ರಿಜ್‌ನ ಕಾಲೇಜಾಗಿದ್ದರೆ ಕೇಂಬ್ರಿಜ್‌ನಲ್ಲಿ, ಕೆಥೆಡ್ರಲ್ ಆಗಿದ್ದರೆ ಅದರ ಸಂಗ್ರಹದಲ್ಲಿ. ಮಠದ ಮ್ಯಾನರ್ ಆಗಿದ್ದರೆ 1536ರಿಂದ 1540ರ ನಡುವೆ ಮಠಗಳನ್ನು ಮುಚ್ಚಿದಾಗ ಕಾಗದಪತ್ರವೂ ರಾಜನಿಗೋ ಹೊಸ ಮಾಲೀಕನಿಗೋ ಹೋಯಿತು. ಗ್ಲಾಸ್ಟನ್‌ಬರಿ ಮಠದ ದೊಡ್ಡ ಗಂಟು ಇವತ್ತು ಲಾಂಗ್‌ಲೀಟ್ ಅರಮನೆಯಲ್ಲಿದೆ.

ಓದುವ ಕ್ರಮವನ್ನು ತಿರುಗುಮುರುಗಾಗಿ ಹಿಡಿಯಿರಿ. ಸುರುಳಿಗಳು 1733ರವರೆಗೆ ಲ್ಯಾಟಿನ್‌ನಲ್ಲಿವೆ, ಆದರೆ 1651ರಿಂದ 1660ರವರೆಗೆ ಮಾತ್ರ ಕಾನೂನೇ ಇಂಗ್ಲಿಷ್‌ನಲ್ಲಿ ಬರೆಯಿಸಿತು. ಆ ಹತ್ತು ವರ್ಷದ ಸುರುಳಿಯನ್ನು ಮೊದಲು ಓದಿ. ಸೂತ್ರ ಅದೇ, ಪದಗಳ ಸಾಲು ಅದೇ. ಅದು ಬಾಯಿಪಾಠವಾದ ಮೇಲೆ ಲ್ಯಾಟಿನ್‌ಗೆ ಇಳಿದರೆ ಅರ್ಧ ಕಷ್ಟ ಕಳೆಯುತ್ತದೆ. ಲ್ಯಾಟಿನ್ನಿಗೂ ಹಳೆಯ ಕೈಬರಹಕ್ಕೂ ನ್ಯಾಷನಲ್ ಆರ್ಕೈವ್ಸ್ ಉಚಿತ ಪಾಠಗಳನ್ನು ಇಟ್ಟಿದೆ.

ಸೂತ್ರ ಇಷ್ಟು: ತಲೆಬರಹದಲ್ಲಿ ಮ್ಯಾನರ್ ಹೆಸರು, ದಿನ, ರಾಜನ ಆಳ್ವಿಕೆಯ ವರ್ಷ. ಬಾರದವರ ನೆಪಗಳು. ಪಂಚರ ಪಟ್ಟಿ. ಆಮೇಲೆ ನಿಮಗೆ ಬೇಕಾದ್ದು: ಇಂಥ ಗೇಣಿದಾರ ಕಳೆದ ಸಭೆಯ ನಂತರ ತೀರಿಕೊಂಡ; ಅವನ ಹಿಡುವಳಿ ಇಷ್ಟು, ವಾರ್ಷಿಕ ಗೇಣಿ ಇಷ್ಟು; ಒಡೆಯನಿಗೆ 'ಹೆರಿಯಟ್' ಎಂದು ಅವನ ಅತ್ಯುತ್ತಮ ದನ ಸಂದಿತು; ಮಗ ಇಂಥವನು ವಾರಸುದಾರ, ವಯಸ್ಸು ಇಷ್ಟು; ಅವನು ಬಂದು ಪ್ರವೇಶ ಶುಲ್ಕ ಕಟ್ಟಿ ಹಿಡುವಳಿ ಪಡೆದ. ತಂದೆ ಮಗನ ಸಂಬಂಧ ಒಂದೇ ಸಾಲಿನಲ್ಲಿ ಸಿಗುತ್ತದೆ. ಎಷ್ಟೋ ಸಲ 'ಈ ಹೊಲವನ್ನು ಅವನ ತಂದೆ ಇಂಥ ರಾಜನ ಇಂಥ ವರ್ಷದ ಸಭೆಯಲ್ಲಿ ಪಡೆದಿದ್ದ' ಎಂದೂ ಬರೆದಿರುತ್ತದೆ. ಆಗ ನಡುವಿನ 30 ವರ್ಷ ಬಿಟ್ಟು ನೇರ ಆ ತಾರೀಕಿಗೆ ಜಿಗಿಯಿರಿ.

ಹೆಸರು ಕೈಕೊಟ್ಟಾಗ ಗೇಣಿಯ ಮೊತ್ತ ಕೈಹಿಡಿಯುತ್ತದೆ. ಕಾಪಿಹೋಲ್ಡ್ ಗೇಣಿ ರೂಢಿಯಂತೆ ನಿಂತದ್ದು, ಏರುತ್ತಿರಲಿಲ್ಲ. 4 ಷಿಲಿಂಗ್ 3 ಪೆನ್ನಿಯಂಥ ಬೆಸ ಮೊತ್ತ ನೂರಾರು ವರ್ಷ ಹಾಗೇ ಇದ್ದು ಹೊಲದ ಬೆರಳಚ್ಚಾಗುತ್ತದೆ. ಇಂಥ ಮೊತ್ತವನ್ನು, ಹೊಲದ ಹೆಸರನ್ನು, ನಾಲ್ಕು ಎಲ್ಲೆಯ ನೆರೆಯವರನ್ನು ಬೇರೆ ಹಾಳೆಯಲ್ಲಿ ಬರೆದಿಡಿ.

ಒಂದು ದೊಡ್ಡ ಮೋಸವಿದೆ. ವಾರಸುದಾರ ಹಿರಿಮಗನೇ ಎಂದು ನಂಬಿಬಿಡಬೇಡಿ. ಸಫೋಕ್, ಸಸೆಕ್ಸ್‌ಗಳ ಹಲವು ಮ್ಯಾನರ್‌ಗಳಲ್ಲಿ ಕಿರಿಮಗನಿಗೆ ಹೊಲ ಹೋಗುತ್ತಿತ್ತು, ಇದಕ್ಕೆ 'ಬರೋ ಇಂಗ್ಲಿಷ್' ಎನ್ನುತ್ತಾರೆ. ಕೆಂಟ್‌ನಲ್ಲಿ ಗಂಡುಮಕ್ಕಳಿಗೆಲ್ಲ ಸಮಪಾಲು. ಪಶ್ಚಿಮದ ಕೌಂಟಿಗಳಲ್ಲಿ ಮೂರು ಜನರ ಆಯುಷ್ಯದವರೆಗೆ ಎಂದು ಕೊಡುತ್ತಿದ್ದರು. ಆ ಮೂವರು ಗಂಡ, ಹೆಂಡತಿ, ಮಗ ಆಗಿದ್ದರೆ ನಿಮಗೆ ಲಾಭ. ಆಯಾ ಮ್ಯಾನರ್‌ನ ರೂಢಿಯ ಪಟ್ಟಿ ಸಿಕ್ಕರೆ ಮೊದಲು ಅದನ್ನು ಓದಿ.

ಪ್ರಶ್ನೆ: ಸುರುಳಿಯ ತಲೆಬರಹದಲ್ಲಿ '8ನೇ ಹೆನ್ರಿಯ 16ನೇ ವರ್ಷ, ಮಿಕಲ್‌ಮಸ್ ಹಬ್ಬದ ಹಿಂದಿನ ಮಂಗಳವಾರ' ಎಂದಿದೆ. ಇದು ಯಾವ ತಾರೀಕು?

ಉತ್ತರ: 1524ರ ಸೆಪ್ಟೆಂಬರ್ 27. ಆಳ್ವಿಕೆಯ ವರ್ಷ ಪಟ್ಟಕ್ಕೆ ಬಂದ ದಿನದಿಂದ ಎಣಿಸುವಂಥದ್ದು. 8ನೇ ಹೆನ್ರಿಗೆ ಅದು 1509ರ ಏಪ್ರಿಲ್ 22, ಹಾಗಾಗಿ 16ನೇ ವರ್ಷ 1524ರ ಏಪ್ರಿಲ್ 22ರಿಂದ 1525ರ ಏಪ್ರಿಲ್ 21ರವರೆಗೆ. ಮಿಕಲ್‌ಮಸ್ ಸೆಪ್ಟೆಂಬರ್ 29; ಆ ವರ್ಷ ಅದು ಗುರುವಾರ ಬಿತ್ತು. ಅದೇ ಸುರುಳಿಯ ಮುಂದಿನ ಸಭೆ 'ಕ್ಯಾಂಡಲ್‌ಮಸ್ ನಂತರದ ಸೋಮವಾರ' ಎಂದಿದ್ದರೆ (ಕ್ಯಾಂಡಲ್‌ಮಸ್ ಹಬ್ಬ ಫೆಬ್ರುವರಿ 2) ಅದು ನಮ್ಮ ಲೆಕ್ಕದಲ್ಲಿ 1525ರ ಫೆಬ್ರುವರಿ 6. ಆದರೆ ಆಗ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಈ ಪದ್ಧತಿ 1751ರವರೆಗೂ ಇತ್ತು. ಜನವರಿಯಿಂದ ಮಾರ್ಚ್ 24ರವರೆಗಿನ ತಾರೀಕನ್ನು 1524/5 ಎಂದು ಎರಡೂ ವರ್ಷ ಹಾಕಿ ಬರೆದುಕೊಳ್ಳಿ. ಇಲ್ಲದಿದ್ದರೆ ಅಪ್ಪ ಸತ್ತ ಎಂಟು ತಿಂಗಳ ಮೊದಲೇ ಮಗ ಅವನ ಹೊಲಕ್ಕೆ ವಾರಸುದಾರನಾದ ವಿಚಿತ್ರಗಳು ನಿಮ್ಮ ವೃಕ್ಷದಲ್ಲಿ ಕಾಣಿಸುತ್ತವೆ.

ಪ್ರಶ್ನೆ: ಮ್ಯಾನರ್ ಸುರುಳಿಗಳೇ ಉಳಿದಿಲ್ಲದ ಊರಾದರೆ? ತೆರಿಗೆ ಪಟ್ಟಿಗಳಿಂದ 1300ರವರೆಗೆ ಹೋಗಬಹುದು ಎನ್ನುತ್ತಾರಲ್ಲ?

ಉತ್ತರ: ಪಟ್ಟಿ ಹೋಗುತ್ತದೆ, ವಂಶ ಹೋಗುವುದಿಲ್ಲ. ತೆರಿಗೆ ಪಟ್ಟಿಯಲ್ಲಿ ಹೆಸರು, ಮೊತ್ತ ಇರುತ್ತವೆ. ಯಾರು ಯಾರ ಮಗ ಎಂದು ಸಾಮಾನ್ಯವಾಗಿ ಇರುವುದಿಲ್ಲ. ಒಂದು ಕುಲನಾಮ ಯಾವ ಊರಿನಲ್ಲಿತ್ತು, ಎಷ್ಟು ಮನೆಯಿತ್ತು, ಎಷ್ಟು ಅನುಕೂಲಸ್ಥರು ಎಂದು ತಿಳಿಯಲು ಇವನ್ನು ಬಳಸಿ.

ಚರ್ಚ್ ಪುಸ್ತಕಕ್ಕೆ ತೀರಾ ಹತ್ತಿರದ, ಅತಿ ಉಪಯುಕ್ತ ಪಟ್ಟಿ 1524–25ರ 'ಸಬ್ಸಿಡಿ' ಎಂಬ ತೆರಿಗೆಯದು. 16 ದಾಟಿದವರಲ್ಲಿ ಜಮೀನಿನ ಆದಾಯ ಇದ್ದವರು, 2 ಪೌಂಡಿನ ಸರಕಿದ್ದವರು, ವರ್ಷಕ್ಕೆ 1 ಪೌಂಡ್ ಕೂಲಿ ಸಿಗುವವರು ಇದರೊಳಗೆ ಬರುತ್ತಾರೆ. ಕೂಲಿಯಾಳು 4 ಪೆನ್ಸ್ ಕಟ್ಟಿದ, ಜಮೀನುದಾರ ಪೌಂಡಿಗೆ 1 ಷಿಲಿಂಗ್. ಎರಡೂ ವರ್ಷದ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿ: 1524ರಲ್ಲಿದ್ದವನ ಜಾಗದಲ್ಲಿ 1525ಕ್ಕೆ 'ವಿಧವೆ' ಎಂದು ಬಂದರೆ ಅವನು ಸತ್ತ ಕಾಲ ಒಂದು ವರ್ಷದೊಳಗೆ ಗೊತ್ತಾಯಿತು. ಮೂಲಗಳು ನ್ಯಾಷನಲ್ ಆರ್ಕೈವ್ಸ್‌ನ 'ಇ 179' ಸರಣಿಯಲ್ಲಿವೆ, ಊರಿನ ಹೆಸರಿನಿಂದ ಹುಡುಕಬಹುದು. ಹಲವು ಕೌಂಟಿಗಳದ್ದು ಅಚ್ಚಾಗಿದೆ. ಸಫೋಕ್‌ನವರ ಪುಣ್ಯ, 1327, 1524, 1568, 1674 ನಾಲ್ಕೂ ಅಚ್ಚಿನಲ್ಲಿವೆ.

ಅದರ ಹಿಂದೆ ಒಂದು ದೊಡ್ಡ ಕಂದಕ. 1327 ಮತ್ತು 1332ರ ಪಟ್ಟಿಗಳಲ್ಲಿ ಹೆಸರುಗಳಿವೆ. 1334ರಲ್ಲಿ ಪ್ರತಿ ಊರಿಗೂ ಇಂತಿಷ್ಟು ಎಂದು ಮೊತ್ತ ಗೊತ್ತುಮಾಡಿದರು, ಅಲ್ಲಿಂದ ಹೆಸರು ಬರೆಯುವ ಅಗತ್ಯವೇ ಬೀಳಲಿಲ್ಲ. 1377, 1379, 1381ರ ತಲೆಗಂದಾಯದಲ್ಲಿ ಹೆಸರುಗಳು ಮತ್ತೆ ಮುಖ ತೋರಿಸುತ್ತವೆ. ಮೊದಲನೆಯದರಲ್ಲಿ 14 ದಾಟಿದ ತಲೆಗೆ 4 ಪೆನ್ಸ್, ಭಿಕ್ಷುಕರಿಗೆ ಮಾತ್ರ ವಿನಾಯಿತಿ. ಎಲ್ಲ ಊರಿನ ಪಟ್ಟಿ ಉಳಿದಿಲ್ಲ. ಕೊನೆಯದು 12 ಪೆನ್ಸ್‌ಗೆ ಏರಿದಾಗ ಜನ ತಲೆ ಮರೆಸಿಕೊಂಡರು, ಮದುವೆಯಾಗದ ಹೆಣ್ಣುಮಕ್ಕಳು ಪಟ್ಟಿಯಿಂದ ಮಾಯವಾದರು, ದಂಗೆಯೂ ಎದ್ದಿತು. 1381ರಿಂದ 1524ರವರೆಗಿನ 143 ವರ್ಷ ಸಾಮಾನ್ಯ ರೈತನ ಹೆಸರನ್ನು ಊರೂರಿನಲ್ಲಿ ಹಿಡಿದಿಟ್ಟ ರಾಷ್ಟ್ರೀಯ ತೆರಿಗೆ ಪಟ್ಟಿ ಇಲ್ಲ. ಮ್ಯಾನರ್ ಸುರುಳಿಯಿದ್ದರೆ ದಾಟುತ್ತೀರಿ, ಇಲ್ಲದಿದ್ದರೆ ಪ್ರಾಮಾಣಿಕವಾಗಿ ಅಲ್ಲೇ ನಿಲ್ಲಬೇಕು. 1379ರಲ್ಲೂ 1524ರಲ್ಲೂ ಅದೇ ಕುಲನಾಮ ಅದೇ ಊರಿನಲ್ಲಿದೆ ಎಂದು ನಡುವೆ ಐದು ತಲೆಮಾರಿನ ಚುಕ್ಕಿಗೆರೆ ಎಳೆಯುವವರಿದ್ದಾರೆ. ಅದು ಆಸೆ, ಪುರಾವೆಯಲ್ಲ.

1348–49ರ ಪ್ಲೇಗ್ ಮಹಾಮಾರಿ ಇನ್ನೊಂದು ಅಡ್ಡಗೋಡೆ. ಅದರ ನಂತರ ಖಾಲಿಬಿದ್ದ ಹೊಲಗಳಿಗೆ ಹೊರಗಿನವರು ಬಂದರು, 'ಅದೇ ಹೊಲ, ಹಾಗಾಗಿ ಅದೇ ರಕ್ತ' ಎಂಬ ತರ್ಕ ಅಲ್ಲಿ ಮುರಿಯುತ್ತದೆ. 1300ರ ಸುಮಾರಿಗೆ ಕುಲನಾಮವೂ ಗಟ್ಟಿಯಾಗಿರಲಿಲ್ಲ: ಅಪ್ಪ 'ಕಾಡಿನ ಬಳಿಯ ರಿಚರ್ಡ್', ಮಗ 'ರಿಚರ್ಡನ ಮಗ ಜಾನ್'. ಬಹುಪಾಲು ಕುಟುಂಬಗಳಲ್ಲಿ ಹೆಸರು ನೆಲೆನಿಂತದ್ದು 1400ರ ಹೊತ್ತಿಗೆ, ಉತ್ತರದ ಕಡೆ ಇನ್ನೂ ತಡವಾಗಿ.

ವಿಚಿತ್ರವೆಂದರೆ ಜೀತದ ರೈತನ ವಂಶ ಸ್ವತಂತ್ರ ಬಡವನ ವಂಶಕ್ಕಿಂತ ಚೆನ್ನಾಗಿ ಸಿಗುತ್ತದೆ. ಜೀತದವನ ಮಗಳು ಮದುವೆಯಾದರೆ ಒಡೆಯನಿಗೆ ಶುಲ್ಕ, ಮಗ ಊರು ಬಿಟ್ಟರೆ ವಿಚಾರಣೆ. ಸುರುಳಿಯಲ್ಲಿ ಜೀತದವನು ಎಂಬರ್ಥದ 'ನೇಟಿವಸ್' ಎಂಬ ಪದ ಕಂಡರೆ ಬೇಸರ ಬೇಡ.

ಪ್ರಶ್ನೆ: ನಮ್ಮದು ಡೆವನ್. ಉಯಿಲುಗಳೆಲ್ಲ ಸುಟ್ಟುಹೋದವು ಎಂದು ಕೇಳಿದೆ.

ಉತ್ತರ: ಹೌದು. 1942ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಎಕ್ಸೆಟರ್‌ನ ಕಚೇರಿಯಲ್ಲಿದ್ದವು ಬೂದಿಯಾದವು. ಆದರೆ ಕ್ಯಾಂಟರ್ಬರಿ ನ್ಯಾಯಾಲಯಕ್ಕೆ ಹೋದ ಡೆವನ್ ಉಯಿಲುಗಳು ಲಂಡನ್ನಿನಲ್ಲಿದ್ದುದರಿಂದ ಬದುಕಿವೆ. 1524–27ರ ಸಬ್ಸಿಡಿ ಪಟ್ಟಿಯೂ 1641–42ರ ಪ್ರೊಟೆಸ್ಟೇಷನ್ ಪಟ್ಟಿಯೂ ಡೆವನ್‌ಗೆ ಅಚ್ಚಾಗಿವೆ. ಎರಡನೆಯದು ಪ್ರೊಟೆಸ್ಟೆಂಟ್ ಧರ್ಮನಿಷ್ಠೆಯ ಪ್ರಮಾಣಕ್ಕಾಗಿ ಮಾಡಿದ, 18 ದಾಟಿದ ಗಂಡಸರ ಪಟ್ಟಿ.

ಉಯಿಲಿನ ಜಾಗ ತುಂಬುವುದು ಜಗಳ. ರಾಜನ ಚಾನ್ಸಲರ್ ಅಧೀನದ ಚಾನ್ಸರಿ ನ್ಯಾಯಾಲಯದ 'ಸಿ 1' ಸರಣಿಯ ಅರ್ಜಿಗಳು 14ನೇ ಶತಮಾನದ ಕೊನೆಯಿಂದ 1558ರವರೆಗೆ ಇವೆ. 15ನೇ ಶತಮಾನದಿಂದ ಅವು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇವೆ. ಜಮೀನು ಕಳಕೊಂಡವನು ಅಜ್ಜನಿಂದ ಹಿಡಿದು ಕಥೆ ಹೇಳುತ್ತಾನೆ. ಅರ್ಜಿಯಲ್ಲಿ ತಾರೀಕಿಲ್ಲದಿದ್ದರೆ ಯಾವ ಚಾನ್ಸಲರ್‌ಗೆ ಬರೆದದ್ದು ಎಂಬುದರಿಂದ ಕಾಲ ಗೊತ್ತುಮಾಡುತ್ತಾರೆ. ನೆನಪಿಡಿ, ವಾದಿಯ ಮಾತು ಒಂದು ಕಡೆಯದು. ಎದುರಾಳಿಯ ಉತ್ತರವನ್ನೂ ಓದಿ.

ಇನ್ನೊಂದು ನಿಧಿಯನ್ನು ಬಹಳ ಜನ ಮುಟ್ಟುವುದೇ ಇಲ್ಲ. ಬಿಷಪ್ಪರ ನ್ಯಾಯಾಲಯದ ಸಾಕ್ಷಿ ಪುಸ್ತಕಗಳು. ಸಾಕ್ಷಿ ಹೇಳುವವನ ಹೆಸರು, ಕಸುಬು, ವಯಸ್ಸು, ಎಷ್ಟು ವರ್ಷದಿಂದ ಈ ಊರಿನಲ್ಲಿದ್ದಾನೆ, ಎಲ್ಲಿ ಹುಟ್ಟಿದ ಎಂದು ಮೊದಲೇ ಬರೆದುಕೊಳ್ಳುತ್ತಿದ್ದರು. 1570ರಲ್ಲಿ 60 ವರ್ಷದ ಮುದುಕ ಚರ್ಚಿಗೆ ಕೊಡುವ ದಶಮಾಂಶದ (ಬೆಳೆಯ ಹತ್ತನೇ ಒಂದು ಪಾಲು) ಜಗಳದಲ್ಲಿ ಸಾಕ್ಷಿ ಹೇಳಿದರೆ, 1538ಕ್ಕೂ ಹಿಂದೆ ಹುಟ್ಟಿದವನ ಊರು ನಿಮ್ಮ ಕೈಯಲ್ಲಿ. ವಯಸ್ಸು ಹತ್ತರ ಲೆಕ್ಕದಲ್ಲಿ ದುಂಡಾಗಿರುತ್ತದೆ, ಐದಾರು ವರ್ಷ ಹಿಂದೆಮುಂದೆ ಇಟ್ಟುಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಅಚ್ಚಾದ ವಂಶಾವಳಿ ಇದೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮಂಡಿಯ ವಿಲಿಯಂ ಜೊತೆ ಬಂದವರು ಎನ್ನುತ್ತದೆ. ನಂಬಬಹುದೇ?

ಉತ್ತರ: ಮೇಲಿನ ತುದಿಯನ್ನು ನಂಬಬೇಡಿ, ಕೆಳಗಿನದನ್ನು ಪರೀಕ್ಷಿಸಿ. ಹೇಸ್ಟಿಂಗ್ಸ್ ಯುದ್ಧದಲ್ಲಿ ವಿಲಿಯಂ ಜೊತೆಗಿದ್ದರೆಂದು ಸಮಕಾಲೀನ ದಾಖಲೆಯಿಂದ ಹೇಳಬಹುದಾದವರು ಬಹಳ ಕಡಿಮೆ. ಆಮೇಲೆ ಹುಟ್ಟಿದ ಹೆಸರುಪಟ್ಟಿಗಳು ಬೆಳೆಯುತ್ತ ಹೋದವು. ಇಂಥ ಅಚ್ಚಿನ ವಂಶಾವಳಿಗಳು ಬಹುಮಟ್ಟಿಗೆ 1530ರಿಂದ 1688ರವರೆಗೆ ಹೆರಾಲ್ಡ್‌ಗಳು (ಮನೆತನದ ಲಾಂಛನಗಳ ಅಧಿಕಾರಿಗಳು) ಕೌಂಟಿಗಳನ್ನು ಸುತ್ತಿ ಲಾಂಛನದ ಹಕ್ಕು ಪರಿಶೀಲಿಸಿದಾಗ ಬರೆದುಕೊಂಡವುಗಳ ಮೇಲೆ ನಿಂತಿವೆ. ಮನೆಯ ಯಜಮಾನ ತನ್ನ ಅಜ್ಜ, ಮುತ್ತಜ್ಜನ ಬಗ್ಗೆ ಹೇಳಿದ್ದು ಸಾಮಾನ್ಯವಾಗಿ ಸರಿ. ಅದಕ್ಕಿಂತ ಮೇಲೆ ಕೇಳಿದ್ದು, ಕಟ್ಟಿದ್ದು, ಕೆಲವೊಮ್ಮೆ ದುಡ್ಡು ಕೊಟ್ಟು ಬರೆಸಿದ್ದು.

ಕುಟುಂಬ ರಾಜನಿಂದಲೇ ನೇರ ಜಮೀನು ಪಡೆದಿದ್ದರೆ 'ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್' ನೋಡಿ. ಹೆಣ ಕೊಯ್ಯುವುದಲ್ಲ, ಜಮೀನುದಾರ ಸತ್ತಾಗ ರಾಜನ ಅಧಿಕಾರಿ ಪಂಚರನ್ನು ಕೂರಿಸಿ ನಡೆಸುತ್ತಿದ್ದ ವಿಚಾರಣೆ. ಸತ್ತ ದಿನ, ಜಮೀನು, ವಾರಸುದಾರ, ಅವನ ವಯಸ್ಸು ಎಲ್ಲ ಇರುತ್ತದೆ. 13ನೇ ಶತಮಾನದಿಂದ 17ನೆಯದರ ನಡುವಿನವರೆಗೆ ಇವು ಹರಡಿವೆ. '21 ಮತ್ತು ಹೆಚ್ಚು' ಎಂದಿದ್ದರೆ ಪ್ರಾಯಕ್ಕೆ ಬಂದವನು ಎಂದಷ್ಟೇ ಅರ್ಥ, 45 ಆಗಿದ್ದರೂ ಆಗಬಹುದು. ಹೆಂಡತಿಯ ತವರಿನ ಜಮೀನಿಗೆ 'ಫೀಟ್ ಆಫ್ ಫೈನ್ಸ್' ಹುಡುಕಿ. ಜಮೀನು ಒಪ್ಪಂದವನ್ನು ಒಂದೇ ಚರ್ಮಪತ್ರದಲ್ಲಿ ಮೂರು ಸಲ ಬರೆದು ಕತ್ತರಿಸಿ ಕೆಳತುಂಡನ್ನು ನ್ಯಾಯಾಲಯ ಇಟ್ಟುಕೊಳ್ಳುತ್ತಿತ್ತು. 1195ರಿಂದ ಇವೆ. ಹೆಂಡತಿಯ ಪಾಲಿನ ಜಮೀನಾದರೆ ಅವಳ ಹೆಸರಿಲ್ಲದೆ ವ್ಯವಹಾರ ನಡೆಯುತ್ತಿರಲಿಲ್ಲ. ಬರೆದ ಮೊತ್ತವನ್ನು ಮಾತ್ರ ನಿಜವಾದ ಬೆಲೆ ಎಂದುಕೊಳ್ಳಬೇಡಿ. ಇನ್ನು ಈ ಲ್ಯಾಟಿನ್ ಕಾಗದಗಳಲ್ಲಿ 'ನೆಪೋಸ್' ಎಂದರೆ ಮೊಮ್ಮಗನೂ ಹೌದು, ಅಣ್ಣನ ಮಗನೂ ಹೌದು. ಇದೊಂದೇ ಪದಕ್ಕೆ ಎಷ್ಟೋ ವಂಶಾವಳಿಗಳಲ್ಲಿ ಒಂದು ತಲೆಮಾರು ಅದಲುಬದಲಾಗಿದೆ.

ಪ್ರಶ್ನೆ: ಇಷ್ಟೆಲ್ಲ ಬದಲು ಡಿಎನ್‌ಎ ಪರೀಕ್ಷೆ ಮಾಡಿಸಿದರೆ?

ಉತ್ತರ: ಸಾಮಾನ್ಯ ಪರೀಕ್ಷೆ ಐದಾರು ತಲೆಮಾರಿನ ಆಚೆ ಮಂಕಾಗುತ್ತದೆ. 1530ರ ಸುಮಾರಿಗೆ 15 ತಲೆಮಾರು ಹಿಂದೆ ನಿಮ್ಮ ವೃಕ್ಷದಲ್ಲಿ 32,768 ಸ್ಥಾನಗಳಿವೆ, ಅವರಲ್ಲಿ ಬಹುಪಾಲು ಜನರ ಒಂದು ತುಣುಕೂ ನಿಮ್ಮಲ್ಲಿರುವುದಿಲ್ಲ. ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮ್ ಪರೀಕ್ಷೆ ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ, ಅದೂ ಒಂಟಿಯಾಗಿ ಅಲ್ಲ. ದಾಖಲೆಯ ಪ್ರಕಾರ 1500ರ ಕಾಲದ ಒಬ್ಬನಿಂದ ಬಂದ ಎರಡು ಕವಲುಗಳನ್ನು ಗುರುತಿಸಿ, ಎರಡರಿಂದಲೂ ಆ ಕುಲನಾಮ ಹೊತ್ತ ಒಬ್ಬೊಬ್ಬ ಗಂಡಸನ್ನು ಪರೀಕ್ಷೆಗೆ ಒಪ್ಪಿಸಿ. ಹೊಂದಿದರೆ ಗಂಡುಸಂತತಿಯ ಮೂಲ ಒಂದೇ ಎಂದಾಯಿತು. ಆ ಮೂಲಪುರುಷನ ಹೆಸರನ್ನು ಅದು ಹೇಳದು. ಹೊಂದದಿದ್ದರೆ ದತ್ತು, ಮದುವೆಯಾಚೆಯ ಮಗು, ಇಲ್ಲವೇ ಹೆಂಡತಿಯ ಆಸ್ತಿಗಾಗಿ ಅವಳ ಮನೆತನದ ಹೆಸರು ಹಾಕಿಕೊಂಡ ಅಳಿಯ. ಕೊನೆಯದಾದರೆ ಉಯಿಲಿನಲ್ಲೋ ಮ್ಯಾನರ್ ಸುರುಳಿಯಲ್ಲೋ ಎರಡು ಕುಲನಾಮಗಳ ನಡುವೆ 'ಅಲಿಯಾಸ್' ಎಂಬ ಪದ ಕೂತಿದೆಯೇ ನೋಡಿ.